ನಿನ್ನೆ ನಿಲ್ಲಿಸಿದಲ್ಲಿಂದ

“ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ?”

ದೊಡ್ಡಮ್ಮ ಹಾಗೆ ಕೇಳಿದ್ದು ಪಕ್ಕದಲ್ಲಿ ಕೂತಿದ್ದ ಸಾಕುಮಗಳನ್ನಲ್ಲ; ಎದುರು ಬೆಂಚಿನಲ್ಲಿ ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡು ಕೂತವರನ್ನೂ ಅಲ್ಲ. ಆಸ್ಪತ್ರೆಯ ಆ ಉದ್ದ ಪಡಸಾಲೆಯಲ್ಲಿ, ಫಿನಾಯಿಲಿನ ವಾಸನೆಯ ನಡುವೆ, ಗಾಳಿಗೆ ಕೇಳಿದ ಹಾಗೆ ಕೇಳಿ, ಆಮೇಲೆ ತುಟಿ ಅಲ್ಲಾಡಿಸತೊಡಗಿದಳು. ಮನೆಯಲ್ಲಿ ದಿನವೂ ಸಂಜೆ ಆಗುವ ಮಾತು ಇದು. ಕೈಕಾಲು ತೊಳೆದು ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ದಪ್ಪ ರಟ್ಟಿನ ಆ ಕಾವ್ಯವನ್ನು ತೊಡೆಯ ಮೇಲಿಟ್ಟುಕೊಂಡ ದೊಡ್ಡಮ್ಮ ಮೊದಲು ಈ ಪ್ರಶ್ನೆ ಕೇಳಬೇಕು. ಕೇಳಿದ ಕೂಡಲೇ ನಿನ್ನೆಯ ಕೊನೆಯ ಸಾಲು ತಾನಾಗಿ ನಾಲಿಗೆಗೆ ಬರಬೇಕು. ಆ ಸಾಲನ್ನು ಮತ್ತೊಮ್ಮೆ ಹೇಳಿಯೇ ಮುಂದಿನದಕ್ಕೆ ಹೋಗಬೇಕು. ಗುರುತಿಗೆಂದು ಪುಸ್ತಕದ ಬೆನ್ನಿಗೆ ಹೊಲಿದಿದ್ದ ಕೆಂಪು ದಾರ ಎಂದೋ ಯಾವುದೋ ಹಾಳೆಯ ನಡುವೆ ಸಿಕ್ಕಿಕೊಂಡು ಅಲ್ಲೇ ಬಣ್ಣ ಕಳೆದುಕೊಂಡಿತ್ತು. ಹೆತ್ತವಳು ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಮ್ಮನ ಅಕ್ಕನಾದ ಈ ದೊಡ್ಡಮ್ಮ. ಹೇಳುವವಳು ದೊಡ್ಡಮ್ಮ, ಕೇಳುವವಳು ತಾನು. ಈ ಪಾಳಿ ಎಂದೂ ಬದಲಾದದ್ದಿಲ್ಲ. ಅರ್ಥವಾಗದ ವಯಸ್ಸಿನಲ್ಲೂ ಕೇಳಿದ್ದಳು, ಅರ್ಥವಾದ ಮೇಲೂ ಕೇಳಿದ್ದಳು, ದೇವರ ಮುಂದೆ ಕೂತ ಹಾಗೆ ಮಂಡಿಯ ಸುತ್ತ ಕೈಕಟ್ಟಿ. ದೊಡ್ಡಮ್ಮನ ಕಣ್ಣಿನ ಮುಂಭಾಗದ ಗಾಜಿನಂಥ ಪೊರೆ ಮಸುಕಾಗಿ ಅಕ್ಷರಗಳು ಕರಗಿಹೋದ ಮೇಲೂ ಪುಸ್ತಕ ತೊಡೆಯ ಮೇಲೆಯೇ ಇರುತ್ತಿತ್ತು. ಬಾಯಿಗೆ ಬಂದಷ್ಟು ಬರುತ್ತಿತ್ತು, ಎಲ್ಲೋ ಒಂದು ಕಡೆ ತಡವರಿಸಿ ನಿಲ್ಲುತ್ತಿತ್ತು. ನಿಂತಾಗ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ಮುಚ್ಚಿ, ಕಣ್ಣು ಬರಲಿ ಆಮೇಲೆ ಓದಿದರಾಯಿತು ಅನ್ನುತ್ತಿದ್ದಳು. ತೀರಿಕೊಂಡವರು ದಾನ ಕೊಟ್ಟ ಕಣ್ಣಿನಿಂದ ಆ ಪೊರೆ ತೆಗೆದು ದೊಡ್ಡಮ್ಮನ ಕಣ್ಣಿಗೆ ಹಾಕಬೇಕು, ಅದಕ್ಕೊಂದು ಸರದಿ ಇದೆ, ಸರದಿ ಬರಬೇಕು. ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು, ಯಾಕೆಂದರೆ ಸರದಿಯ ಆ ಪಟ್ಟಿಯನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೋರಿಸುವ ಪುಟಗಳನ್ನು ಬರೆದವಳು ಅವಳೇ.

ಈ ದಿನ ಬಂದದ್ದು ಸರದಿ ಬಂತೆಂದಲ್ಲ. ಬಲಗಣ್ಣು ನಾಲ್ಕಾರು ದಿನದಿಂದ ನೋಯುತ್ತಿದೆ, ತಲೆಯ ಆ ಕಡೆಯೆಲ್ಲ ಸಿಡಿಯುತ್ತಿದೆ ಎಂದು ದೊಡ್ಡಮ್ಮ ಬಾಯಿಬಿಟ್ಟು ಹೇಳಿದ್ದರಿಂದ. ಡಾಕ್ಟರು ರೆಪ್ಪೆ ಎತ್ತಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಕೈಗೆ ಔಷಧಿ ಹಚ್ಚಿ ಉಜ್ಜಿಕೊಳ್ಳುತ್ತ, ದೊಡ್ಡಮ್ಮನನ್ನು ಬಿಟ್ಟು ಅವಳ ಮುಖ ನೋಡಿದರು.

“ಕರೆದಾಗ ಬರಬೇಕಲ್ಲಮ್ಮ. ಈಗ ಬಂದು ನೋವು ಅಂದ್ರೆ ನಾವೇನ್ ಮಾಡೋದು?”

ಆಮೇಲೆ ಅವರು ಹೇಳಿದ್ದೆಲ್ಲ ಅವಳಿಗೆ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿಸಿತು. ಕಣ್ಣೊಳಗೆ ಒತ್ತಡ ಏರಿ ನರ ಒಣಗಿದೆ. ಬಲಗಣ್ಣಿಗೆ ಇನ್ನು ಯಾವ ಪೊರೆ ಹಾಕಿದರೂ ಅಷ್ಟೇ. ಎಡಗಣ್ಣಿನಲ್ಲಿ ಇನ್ನೂ ಜೀವವಿದೆ, ತಡಮಾಡಬಾರದು. ಕಣ್ಣಿನ ಶಿಬಿರದಲ್ಲಿ ಇವರ ಜೊತೆಗೇ ಹೆಸರು ಬರೆಸಿದ ಎಷ್ಟೋ ಜನರಿಗೆ ಹೋದ ಚಳಿಗಾಲದಲ್ಲೇ ಆಗಿಹೋಗಿದೆ. ಇವರ ನಂತರ ಬಂದವರಿಗೂ ಆಗಿದೆ. ಓದಿದವರ ಮನೆಯವರೇ ಹೀಗೆ ಮಾಡಿದರೆ ಹೇಗೆ. ದೊಡ್ಡಮ್ಮ ತಪ್ಪು ಮಾಡಿದ ಮಗುವಿನ ಹಾಗೆ ಸೆರಗಿನ ತುದಿ ಹಿಡಿದು, ಕರೆದಿರಲಿಲ್ಲ ಸ್ವಾಮೀ, ಕರೆದಿದ್ದರೆ ಬರುತ್ತಿದ್ದೆವು ಅಂದಳು. ಡಾಕ್ಟರು ನಕ್ಕರು. ಎಲ್ಲರೂ ಹಾಗೇ ಅನ್ನುವುದು, ಫೋನು ಎತ್ತುವುದಿಲ್ಲ, ಆಮೇಲೆ ಕರೆಯಲಿಲ್ಲ ಅನ್ನುವುದು. ಅವಳು ಏನು ಹೇಳಬಹುದಿತ್ತು? ಆ ಪಟ್ಟಿ ನನ್ನದು, ಅದು ಸುಳ್ಳು ಹೇಳುವುದಿಲ್ಲ ಎಂದೇ? ಹಾಗಾದರೆ ದೊಡ್ಡಮ್ಮ ಸುಳ್ಳು ಹೇಳುತ್ತಿದ್ದಾಳೆಯೇ? ಡಾಕ್ಟರು ಚಾಚಿದ ಚೀಟಿ ತೆಗೆದುಕೊಂಡಳು. ಹೊರಗೆ ಬರುವಾಗ ದೊಡ್ಡಮ್ಮ ಬಾಗಿಲಿನ ಹೊಸ್ತಿಲನ್ನು ಕಾಲಿನಿಂದ ತಡವಿ ನೋಡಿದ ರೀತಿ ಅವಳ ಎದೆಗೆ ಚುಚ್ಚಿತು. ಇಷ್ಟು ದಿನವೂ ಹಾಗೇ ತಡವುತ್ತಿದ್ದಳು. ಆದರೆ ಇಷ್ಟು ದಿನ ಅದಕ್ಕೊಂದು ಕೊನೆಯಿತ್ತು.

ನಾನಿದ್ದೀನಾ ನೋಡೇ, ಎಂದು ದೊಡ್ಡಮ್ಮ ಆಗಾಗ ಕೇಳುತ್ತಿದ್ದಳು, ಡಬ್ಬಿಗೆ ಊಟ ತುಂಬುವಾಗ, ಬಟ್ಟೆ ಮಡಿಸುವಾಗ, ದೊಡ್ಡ ವಿಷಯವೇ ಅಲ್ಲವೆಂಬ ಹಾಗೆ. ಅವಳು ಆಫೀಸಿಗೆ ಹೋಗಿ, ಬೇರೆ ಕೆಲಸದ ನಡುವೆ, ಹುಡುಕುವ ಚೌಕದಲ್ಲಿ ದೊಡ್ಡಮ್ಮನ ಹೆಸರು ಹೊಡೆಯುತ್ತಿದ್ದಳು. ಮೂರು ಅಕ್ಷರ ಹೊಡೆಯುವಷ್ಟರಲ್ಲೇ ಹೆಸರು ಬಂದುಬಿಡುತ್ತಿತ್ತು: ವಯಸ್ಸು, ಶಿಬಿರದ ದಿನಾಂಕ, ಕಾಯುತ್ತಿದ್ದಾರೆ. ಎಷ್ಟು ಬೇಗ ಬರುತ್ತಿತ್ತು ಎಂಬುದರಲ್ಲೇ ಅವಳಿಗೊಂದು ಹೆಮ್ಮೆ. ಸಾವಿರಾರು ಹೆಸರುಗಳ ನಡುವಿನಿಂದ ರೆಪ್ಪೆ ಬಡಿಯುವುದರೊಳಗೆ ಎತ್ತಿಕೊಡುವ ಹಾಗೆ ಮಾಡಿದ್ದಳಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, ಇದ್ದೀಯ ದೊಡ್ಡಮ್ಮ, ಪಟ್ಟಿಯಲ್ಲಿ ಇದ್ದೀಯ ಅನ್ನುತ್ತಿದ್ದಳು. ಇರಲಿ ಬಿಡು, ಇದ್ದರೆ ಒಂದಿನ ಕರೀತಾರೆ, ಎಂದು ದೊಡ್ಡಮ್ಮ ಪುಸ್ತಕ ಎತ್ತಿಕೊಳ್ಳುತ್ತಿದ್ದಳು. ಹುಡುಕಿದರೆ ಸಿಗುತ್ತಾಳೆ, ಆದ್ದರಿಂದ ಇದ್ದಾಳೆ. ಇದ್ದಾಳೆ, ಆದ್ದರಿಂದ ಕರೆಯುತ್ತಾರೆ. ಇಷ್ಟು ನೆಟ್ಟಗಿನ ನಂಬಿಕೆ ಅವಳಿಗೆ ದೇವರ ಮೇಲೂ ಇರಲಿಲ್ಲವೇನೋ.

ದೊಡ್ಡಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಔಷಧಿ ತರುತ್ತೇನೆಂದು ಹೇಳಿ, ಪಡಸಾಲೆಯ ಕೊನೆಯ ಕೋಣೆಗೆ ಹೋದಳು. ರೋಗಿಗಳನ್ನು ಫೋನು ಮಾಡಿ ಕರೆಸುವ ನರ್ಸಮ್ಮ ಅಲ್ಲಿ ಕೂರುತ್ತಾರೆ. ಪುಟಗಳನ್ನು ಒಪ್ಪಿಸಿದ ಹೊಸದರಲ್ಲಿ ಅವಳೇ ಅವರಿಗೆ ಹೇಳಿಕೊಟ್ಟಿದ್ದಳು. ಗುರುತು ಹಿಡಿದು, ಬನ್ನಿ ಬನ್ನಿ, ನಿಮ್ಮ ಕಂಪ್ಯೂಟರು ಇವತ್ತು ಮುನಿಸಿಕೊಂಡಿಲ್ಲ, ನಿಮಗೇನು ಕೆಲಸ ಇಲ್ಲಿ ಎಂದು ನಕ್ಕರು. ಸುಮ್ಮನೆ ನೋಡಿಹೋಗಲು ಬಂದೆ, ನೀವು ನಿಮ್ಮ ಕೆಲಸ ಮಾಡಿ ಎಂದು ಅವಳು ಹಿಂದೆ ನಿಂತಳು. ನರ್ಸಮ್ಮ ಪಟ್ಟಿ ತೆರೆದರು. ತೆರೆದ ಕೂಡಲೇ ನೀಲಿ ಬಣ್ಣದ ಗುಂಡಿಯೊಂದು ಮೇಲೆ ಬಂತು. ಅದರ ಮೇಲೆ ಅವಳೇ ಬರೆದ ಅಕ್ಷರಗಳು: ನಿನ್ನೆ ನಿಲ್ಲಿಸಿದಲ್ಲಿಂದ.

“ಇದೊಂದು ಮಾತ್ರ ಭಾಳ ಚೆನ್ನಾಗ್ ಮಾಡಿದೀರ ನೋಡಿ,” ಅಂದರು ನರ್ಸಮ್ಮ. “ಎಲ್ಲಿಗೆ ಬಿಟ್ಟಿದ್ದೆ ಅಂತ ತಲೆ ಕೆರ್ಕೊಳ್ಳೋ ಹಾಗೇ ಇಲ್ಲ.”

ಒತ್ತಿದರು. ಎಲ್ಲೋ ನಡುವಿನ ಪುಟವೊಂದು ತೆರೆಯಿತು. ಆ ಪುಟದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ, ದಿನ ಹೇಳಿ, ಹೆಸರಿನ ಮುಂದೆ ಕರೆದಾಯಿತು ಎಂದು ಗುರುತು ಹಾಕುತ್ತ ಬಂದರು. ಗುರುತು ಬಿದ್ದ ಹೆಸರು ಕಾಯುವವರ ಪಟ್ಟಿಯಿಂದ ಮೆಲ್ಲನೆ ಮಾಯವಾಗುತ್ತಿತ್ತು. ಆ ಮಾಯವಾಗುವುದನ್ನೂ ಚೆಂದ ಕಾಣಲೆಂದು ಅವಳೇ ಮಾಡಿದ್ದು. ನಡುನಡುವೆ ನರ್ಸಮ್ಮ ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು: ನಿಮ್ಮ ಮಗಳ ಮದುವೆ ಆಮೇಲೆ ಇಟ್ಕೊಳ್ಳಿ ಅಜ್ಜಾ, ಕಣ್ಣು ಬಂದರೆ ಅಳಿಯನ ಮುಖ ಆದರೂ ಕಾಣುತ್ತೆ. ಪುಟ ಮುಗಿಯಿತು. ಮುಂದಿನ ಪುಟ ಎಂದು ಒತ್ತಿದರು. ಇನ್ನಷ್ಟು ಹೆಸರುಗಳು ಬಂದವು. ಅಷ್ಟೆ. ಅದರಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಆಗ ಯಾಕೋ ಅವಳ ಕಣ್ಣು ಗಾಜಿನಾಚೆಯ ಪಡಸಾಲೆಗೆ ಹೋಯಿತು. ಡಾಕ್ಟರ ಬಾಗಿಲ ಮುಂದೆ ಬೆಂಚುಗಳು ಒಂದರ ಹಿಂದೊಂದು. ಮೊದಲನೆಯ ಬೆಂಚಿನವರು ಎದ್ದು ಒಳಗೆ ಹೋದರು. ಎರಡನೆಯ ಬೆಂಚಿನವರು ಎದ್ದು, ಖಾಲಿಯಾದ ಮೊದಲನೆಯದಕ್ಕೆ ಸರಿದು ಕೂತರು. ಅವರ ಹಿಂದಿನವರು ಎರಡನೆಯದಕ್ಕೆ ಬಂದರು. ಎಲ್ಲರೂ ಒಂದೊಂದು ಬೆಂಚು ಮುಂದೆ. ಅವಳು ನೋಡುತ್ತಲೇ ಇದ್ದಳು. ಈಗ ಒಬ್ಬರು ಬಾಗಿಲಿಗೆ ಬಂದು, ಮೊದಲನೆಯ ಬೆಂಚು ಮುಗಿಯಿತಲ್ಲ, ಇನ್ನು ಎರಡನೆಯ ಬೆಂಚಿನವರು ಬನ್ನಿ ಎಂದರೆ? ಸರಿದು ಮುಂದೆ ಬಂದು ಕೂತವರು ಅಲ್ಲೇ ಕೂತಿರುತ್ತಾರೆ. ಎಲ್ಲರಿಗಿಂತ ಮುಂದೆ, ಬಾಗಿಲಿಗೆ ಅಂಟಿಕೊಂಡು, ಕಣ್ಣೆದುರಿಗೇ. ಮೊದಲನೆಯ ಬೆಂಚು ಮುಗಿದಿದೆ ಎಂದು ನಂಬಿದವರು ಇನ್ನು ಆ ಬೆಂಚಿನ ಕಡೆ ತಿರುಗಿಯೂ ನೋಡುವುದಿಲ್ಲ. ಕರೆದವರು ಪಟ್ಟಿಯಿಂದ ಹೊರಬಿದ್ದಂತೆಲ್ಲ ಎರಡನೆಯ ಪುಟದವರು ಒಂದನೆಯದಕ್ಕೆ, ಮೂರನೆಯ ಪುಟದವರು ಎರಡನೆಯದಕ್ಕೆ ಸರಿದು ಬಂದಿದ್ದಾರೆ. ತನ್ನ ಗುಂಡಿಯೋ ಪುಟದ ಅಂಕಿಯನ್ನು ಮಾತ್ರ ನೆನಪಿಟ್ಟುಕೊಂಡು ಅವರನ್ನು ದಾಟಿ ದಾಟಿ ಹೋಗಿದೆ. ಒಂದು ಪುಟ ಕರೆದು ಒಂದು ಪುಟ ಬಿಟ್ಟು. ದಿನವೂ. ಪುಟಗಳನ್ನು ಒಪ್ಪಿಸುವ ಮೊದಲು ಅವಳು ಎಷ್ಟು ಸಲ ಪರೀಕ್ಷಿಸಿದ್ದಳು. ಆದರೆ ಪರೀಕ್ಷೆಗೆಂದು ತುಂಬಿದ ಸುಳ್ಳು ಹೆಸರುಗಳಲ್ಲಿ ಯಾರನ್ನೂ ಯಾರೂ ಕರೆದಿರಲಿಲ್ಲ. ಅವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಅಷ್ಟರ ಮೇಲೆ, ಆ ಗುಂಡಿ ಯಾರೂ ಕೇಳಿದ್ದಲ್ಲ. ಅವಳೇ ಪ್ರೀತಿಯಿಂದ ಸೇರಿಸಿದ್ದು, ಸಂಜೆಯ ಆ ಪ್ರಶ್ನೆಯನ್ನು ನೆನೆದು. ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿದಾಗ ಬೈಂಡಿನವನು ಮೊದಲಿನ ಹರಿದ ಹಾಳೆಗಳನ್ನು ಕಿತ್ತುಹಾಕಿದ್ದರಿಂದ ಹಾಳೆಗಳ ಎಣಿಕೆಯೆಲ್ಲ ಏರುಪೇರಾದರೂ ದೊಡ್ಡಮ್ಮ ಅವತ್ತು ಸಂಜೆ ಹಿಂದಿನ ದಿನದ ಸಾಲನ್ನೇ ಹಿಡಿದು ತಪ್ಪದೆ ಮುಂದುವರಿಸಿದ್ದಳಲ್ಲ, ಆಗ ತಾನು ಅಲ್ಲೇ ಕೂತು ಕೇಳುತ್ತಿದ್ದೆನಲ್ಲ. ಏನನ್ನು ಕೇಳುತ್ತಿದ್ದೆ?

ಪಟ್ಟಿಯ ನೆತ್ತಿಯಲ್ಲಿ ಇನ್ನೂ ಇಷ್ಟು ಜನ ಬಾಕಿ ಎಂದು ತೋರಿಸುತ್ತಿದೆಯಲ್ಲ, ಅವರೆಲ್ಲ ಯಾರು ಎಂದು ಕೇಳಿದಳು. ಧ್ವನಿ ಸಹಜವಾಗಿಯೇ ಇತ್ತು. ಫೋನು ಮಾಡಿದರೂ ಎತ್ತದವರು ಅಂದುಕೊಂಡಿದ್ದೇವೆ, ಡಾಕ್ಟರೂ ಹಾಗೇ ಅನ್ನುತ್ತಾರೆ, ಎಂದರು ನರ್ಸಮ್ಮ. ಆಮೇಲೆ ಏನೋ ನೆನಪಾಗಿ, ಫೋನನ್ನು ಕೆಳಗಿಟ್ಟು, ತಿರುಗಿದರು.

“ನಿಮ್ಮ ಆಫೀಸಿನ ಮೇಷ್ಟ್ರು ಬಂದಿದ್ರಲ್ಲ ಹೋದ ವರ್ಷ, ಅವರಮ್ಮಂದೂ ಹೀಗೇ ಆಗಿತ್ತು. ಪುಟದಲ್ಲಿ ಸಿಗ್ತಿಲ್ಲ, ಹೆಸರು ಹೊಡೆದು ಹುಡುಕಿ ಕರೀರಿ ಅಂದ್ರು, ಕರೆದೆ. ಏನೋ ಚಿಕ್ಕ ದೋಷ ಇದೆ, ನಾನು ಸರಿಮಾಡಿಸ್ತೀನಿ, ನೀವು ಯಾರ ಹತ್ರಾನೂ ಹೇಳಕ್ ಹೋಗ್ಬೇಡಿ ಅಂದ್ರು. ಮಾಡಿದ್ರಲ್ವಾ?”

ಮಾಡಿದರು, ಎಂದು ಅವಳು ಹೇಳಿದಳು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ದಾರಿಯುದ್ದಕ್ಕೂ ಯೋಚಿಸಿದಳು.

ಆಟೋದಲ್ಲಿ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. ತಿರುವುಗಳಲ್ಲಿ ಹಿಡಿತ ಬಿಗಿಯಾಗುತ್ತಿತ್ತು. ಡಾಕ್ಟರು ಸ್ವಲ್ಪ ಸಿಡುಕು, ಪಾಪ, ಎಷ್ಟು ಜನರನ್ನು ನೋಡಬೇಕು, ಎಂದಳು. ಅವಳು ಹೂಂ ಅಂದಳು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ಕೆಲಸಕ್ಕೆ ಸೇರಿದ ಎಲ್ಲರನ್ನೂ ಬಿಳಿ ಹಲಗೆಯ ಮುಂದೆ ನಿಲ್ಲಿಸಿಕೊಂಡು, ಬೈಯದೆ, ಬೇಸರಿಸದೆ, ಮೊದಲಿನಿಂದ ಹೇಳಿಕೊಡುತ್ತಿದ್ದರು. ಅವಳಿಗೆ ಹೇಳಿಕೊಟ್ಟದ್ದೂ ಅವರೇ: ರಾಶಿಯಲ್ಲಿ ಬೇಕಾದ್ದನ್ನು ಹುಡುಕುವುದು, ದಿನಾಂಕಕ್ಕೆ ಸರಿಯಾಗಿ ಹಿಂದುಮುಂದು ಜೋಡಿಸುವುದು, ಪುಟ ಪುಟವಾಗಿ ಕೊಡುವುದು. ಜನರಿಗೆ ಒಟ್ಟಿಗೆ ಎಲ್ಲವನ್ನೂ ತೋರಿಸಿದರೆ ಹೆದರುತ್ತಾರೆ ತಾಯಿ, ಕೈತುತ್ತು ಕೊಟ್ಟ ಹಾಗೆ ಕೊಡಬೇಕು ಎಂದಿದ್ದರು. ಆ ಮಾತನ್ನು ಮನೆಗೆ ತಂದು ದೊಡ್ಡಮ್ಮನಿಗೆ ಹೇಳಿದಾಗ, ಒಳ್ಳೆಯ ಮನುಷ್ಯ ಎಂದು ದೊಡ್ಡಮ್ಮ ಮರುದಿನದಿಂದ ಡಬ್ಬಿಯಲ್ಲಿ ಅವರಿಗೂ ಒಂದು ಪಾಲು ಇಡತೊಡಗಿದಳು. ಒಂದೆರಡು ಸಲ ಮನೆಗೆ ಬಂದು, ನೆಲದ ಮೇಲೆ ಕೂತು, ಪದ್ಯ ಹೇಳಿಸಿಕೊಂಡು, ಕಣ್ಣೊರೆಸಿಕೊಂಡು ಹೋಗಿದ್ದರು. ಶಿಬಿರದ ದಿನ ತಮ್ಮ ತಾಯಿಯನ್ನೂ ದೊಡ್ಡಮ್ಮನನ್ನೂ ಒಂದೇ ಆಟೋದಲ್ಲಿ ಕರೆದುಕೊಂಡು ಹೋದವರು ಅವರೇ. ಸಾಲಿನಲ್ಲಿ ಇಬ್ಬರು ಮುದುಕಿಯರೂ ಒಬ್ಬರ ಹಿಂದೊಬ್ಬರು ನಿಂತು, ಹೆಸರು ಬರೆಸಿ, ವಾಪಸು ಬರುವ ದಾರಿಯಲ್ಲಿ ಯಾರಿಗೆ ಮೊದಲು ಕಣ್ಣು ಬರುತ್ತದೋ ಅವರು ಇನ್ನೊಬ್ಬರ ಮುಖ ಹೇಗಿದೆ ಎಂದು ಹೇಳಬೇಕು ಎಂದು ನಗಾಡಿದ್ದರು. ತಾಯಿಗೆ ಕಣ್ಣು ಬಂದ ದಿನ ಮೇಷ್ಟ್ರು ಆಫೀಸಿನಲ್ಲಿ ಸಿಹಿ ಹಂಚಿದರು. ಅವಳು ತನ್ನ ಪಾಲನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಮನೆಗೆ ತಂದಿದ್ದಳು. ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿಂದಳು. ಪುಣ್ಯವಂತೆ ಕಣೇ, ಅಂದಳು, ಅವಳಿಗೆ ಬಂತಲ್ಲ, ಇನ್ನೇನು, ಅವಳ ಬೆನ್ನಿಗೇ ನಾನು. ತಿಂದು, ಕಾಗದಕ್ಕೆ ಅಂಟಿದ್ದ ಚೂರನ್ನೂ ಬೆರಳಿನಿಂದ ತಡವಿ ತೆಗೆದುಕೊಂಡಿದ್ದಳು. ಆಟೋ ನಿಂತಿತು. ಇಳಿಯುವಾಗ ದೊಡ್ಡಮ್ಮ, ಯಾಕೆ ನಿನ್ನ ಕೈ ಹೀಗೆ ತಣ್ಣಗಿದೆ ಎಂದು ಕೇಳಿದಳು.

ಆಫೀಸಿನ ಗಾಜಿನ ಕೋಣೆಯಲ್ಲಿ ಮೇಷ್ಟ್ರು ಬಿಳಿ ಹಲಗೆ ಒರೆಸುತ್ತಿದ್ದರು. ಅವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ, ಏನ್ ತಾಯಿ, ಇವತ್ತು ಡಬ್ಬಿ ಇಲ್ಲವಾ ಎಂದರು. ಅವಳು ನಿಂತೇ ಇದ್ದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ನಾಟಕದ ಮಾತುಗಳ ಹಾಗೆ ಅನ್ನಿಸಿ, ಯಾವಾಗ ಗೊತ್ತಾಯಿತು ನಿಮಗೆ ಎಂದಷ್ಟೇ ಕೇಳಿದಳು. ಏನು ಎಂದು ಅವರು ಕೇಳಲಿಲ್ಲ. ಅವರು ಕೇಳಲಿಲ್ಲ ಎಂಬುದೇ ಅವಳನ್ನು ಮುರಿಯಿತು. ಅಲ್ಲಿಯವರೆಗೂ ಒಳಗೆಲ್ಲೋ, ನರ್ಸಮ್ಮ ತಪ್ಪು ತಿಳಿದಿರಬೇಕು ಎಂಬ ಒಂದು ಎಳೆ ಉಳಿದಿತ್ತು. ಕೂತ್ಕೋ ಎಂದರು. ಕೂರಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಅವರು ಹೇಳಿದರು. ಅಮ್ಮನನ್ನು ಕರೆಯಲಿಲ್ಲವಲ್ಲ ಎಂದು ಹೋಗಿ ನೋಡಿದಾಗ ತಿಳಿಯಿತು. ಆಸ್ಪತ್ರೆಯವರು ಬಳಸಿ ನೋಡಿ ಕೆಲಸವನ್ನು ಒಪ್ಪಿಕೊಳ್ಳುವ ವಾರ ಅದು. ದೋಷ ಇದೆ ಎಂದರೆ ಎಲ್ಲವನ್ನೂ ವಾಪಸು ಕಳಿಸುತ್ತಿದ್ದರು, ಈ ಕೋಣೆಯೂ ಇರುತ್ತಿರಲಿಲ್ಲ, ಈ ಜನರೂ ಇರುತ್ತಿರಲಿಲ್ಲ. ಒಪ್ಪಿಕೊಂಡ ಮೇಲೆ ಸದ್ದಿಲ್ಲದೆ ತಿದ್ದಿಬಿಡೋಣ ಎಂದುಕೊಂಡರು. ಆಮೇಲೆ ಬೇರೆ ಕೆಲಸ ಬಂತು. ಆಮೇಲೆ, ಇಷ್ಟು ದಿನ ಯಾಕೆ ತಿದ್ದಲಿಲ್ಲ ಎಂದು ಹೇಳಬೇಕಾಗುತ್ತದಲ್ಲ ಎಂದು ಇನ್ನಷ್ಟು ದಿನ.

“ದೊಡ್ಡಮ್ಮನೂ ಅಲ್ಲೇ ಇದ್ದಳು, ನಿಮ್ಮಮ್ಮನ ಬೆನ್ನಿಗೆ. ಗೊತ್ತಿತ್ತಲ್ಲ ನಿಮಗೆ.”

“ಗೊತ್ತಿತ್ತು,” ಅಂದರು. ಆಮೇಲೆ, “ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿರಲಿಲ್ಲ.”

ಅದು ಬೈಗುಳವೋ ಹೊಗಳಿಕೆಯೋ ಅವಳಿಗೆ ತಿಳಿಯಲಿಲ್ಲ. ಅವರು ಅದನ್ನು ಹೇಳಿದ ರೀತಿಯಲ್ಲಿ ಎಂದಿನ ಅದೇ ಅಕ್ಕರೆ ಇತ್ತು, ಅಸಹ್ಯವೆನಿಸಿದ್ದು ಅದೇ. ಇವರು ದಿನವೂ ಮಧ್ಯಾಹ್ನ ಡಬ್ಬಿಯ ಆ ಪಾಲನ್ನು ಬಿಚ್ಚಿ ತಿಂದಿದ್ದಾರೆ, ದೊಡ್ಡಮ್ಮನ ಕೈರುಚಿಯೇ ರುಚಿ ಎಂದಿದ್ದಾರೆ, ಕಣ್ಣು ಹೇಗಿದೆ ಅವರದು ಎಂದು ವಿಚಾರಿಸಿದ್ದಾರೆ. ವಿಚಾರಿಸುವಾಗ ಮುಖದಲ್ಲಿ ನಿಜವಾದ ಮರುಕವಿತ್ತು, ಅವಳು ಕಂಡಿದ್ದಾಳೆ. ಕದ್ದವನ ಮುಖ ಕದ್ದವನ ಹಾಗೆ ಇರಬಾರದೇ? ಮೇಷ್ಟ್ರು ಈಗ ದನಿ ತಗ್ಗಿಸಿ ಮುಂದಿನದನ್ನು ಹೇಳುತ್ತಿದ್ದರು. ಡಾಕ್ಟರಿಗೆ ಅನುಮಾನ ಬಂದರೆ ಕೇಳಿಯೇ ಕೇಳುತ್ತಾರೆ. ಅದಕ್ಕೆ ಮೊದಲೇ ನಾವು ಎರಡು ಸಾಲು ಬರೆದು ಕಳಿಸುವುದು ಒಳ್ಳೆಯದು: ಕರೆಯುವವರು ದಿನವೂ ಒಂದನೇ ಪುಟದಿಂದ ನೋಡಬೇಕಿತ್ತು, ನೋಡಿಲ್ಲ, ಬಳಸುವವರ ಅಜಾಗರೂಕತೆ. ದೊಡ್ಡಮ್ಮನನ್ನು ನಾಳೆಯೇ ಕರೆಸೋಣ, ಅದು ನನ್ನ ಜವಾಬ್ದಾರಿ. ಆ ಎರಡು ಸಾಲು ನಿನ್ನ ಹೆಸರಿನಲ್ಲೇ ಹೋಗಲಿ, ಪುಟಗಳನ್ನು ಬರೆದವಳು ನೀನಲ್ಲವಾ. ಆಸ್ಪತ್ರೆಯ ದೊಡ್ಡವರ ಮುಂದೆ ಪುಟಗಳನ್ನು ತೋರಿಸಿದ ದಿನ ಅವಳಿಗೆ ನೆನಪಾಯಿತು. ನೀಲಿ ಗುಂಡಿಯನ್ನು ಕಂಡು ಎಲ್ಲರೂ ತಲೆದೂಗಿದಾಗ ಮೇಷ್ಟ್ರು, ಇದು ನಮ್ಮ ಯೋಚನೆ, ಎಂದು ತಮ್ಮ ಎದೆ ಮುಟ್ಟಿಕೊಂಡಿದ್ದರು. ಅವತ್ತು ಅವಳಿಗೆ ಎಷ್ಟು ಖುಷಿಯಾಗಿತ್ತು, ಆ ‘ನಮ್ಮ’ದೊಳಗೆ ತಾನೂ ಇದ್ದೇನೆಂದು.

ತನ್ನ ಮೇಜಿಗೆ ಬಂದು ಕೂತಳು. ಮೇಷ್ಟ್ರು ಹಿಂದೆಯೇ ಬಂದು, ಎರಡು ಸಾಲು ಬರೆಯಲು ಅವಳ ಕಂಪ್ಯೂಟರಿನಲ್ಲಿ ಖಾಲಿ ಇ-ಮೇಲೊಂದನ್ನು ತೆರೆದು, ಡಾಕ್ಟರ ವಿಳಾಸವನ್ನೂ ತುಂಬಿಸಿಟ್ಟು ಹೋದರು. ಅದನ್ನು ಪಕ್ಕಕ್ಕೆ ಸರಿಸಿ ಪಟ್ಟಿ ತೆರೆದಳು. ನೀಲಿ ಗುಂಡಿ ಬಂತು. ಅದನ್ನು ಒತ್ತಲಿಲ್ಲ. ಹಳೆಯ ದಿನಾಂಕ ಮೊದಲು ಬರುವ ಹಾಗೆ ಜೋಡಿಸಿ, ಒಂದನೇ ಪುಟಕ್ಕೆ ಹೋದಳು. ಈ ಪುಟವನ್ನು ಮತ್ತೆ ಯಾರೂ ತೆರೆದಿರಲಿಲ್ಲ. ತೆರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅದು ಮೊದಲ ದಿನವೇ ಮುಗಿದ ಪುಟ. ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, ದೊಡ್ಡಮ್ಮ. ಅವಳ ಕೆಳಗೆ ಶಿಬಿರದ ಅದೇ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಇನ್ನೂ ಎಷ್ಟೋ ಜನ. ಅವರ ಕೆಳಗೆ ಇನ್ನೊಂದು ದಿನದವರು. ಹುಡುಕುವ ಚೌಕದಲ್ಲಿ ದೊಡ್ಡಮ್ಮನ ಹೆಸರೊಂದನ್ನೇ ಕಂಡಿದ್ದವಳಿಗೆ ಅವಳ ಹಿಂದೆ ಇಷ್ಟು ಜನ ಕೂತಿರುವುದು ಕಂಡಿರಲಿಲ್ಲ. ಒಬ್ಬರೂ ಕದಲದೆ, ಒಬ್ಬರನ್ನೊಬ್ಬರು ತಳ್ಳದೆ, ಬಾಗಿಲಿಗೆ ಮುಖ ಮಾಡಿ. ಒಬ್ಬೊಬ್ಬರ ಹೆಸರನ್ನೂ ತುಟಿಯಲ್ಲಿ ಹೇಳಿಕೊಂಡು ಕೆಳಗಿಳಿದಳು. ಯಾವ ಹೆಸರನ್ನೂ ಹಾರಿಸಬಾರದು ಎನ್ನಿಸಿತು. ಅರ್ಧಕ್ಕೆ ಬರುವಷ್ಟರಲ್ಲಿ ಪುಟ ಮಸುಕಾಯಿತು.

ಫೋನು ಎತ್ತಿ ನರ್ಸಮ್ಮನಿಗೆ ಹೇಳಿದಳು. ಬೆಂಚಿನ ಉದಾಹರಣೆ ಕೊಟ್ಟೇ ಹೇಳಿದಳು, ಮೆಲ್ಲಗೆ, ಮೇಷ್ಟ್ರು ಹೇಳಿಕೊಡುತ್ತಿದ್ದ ಹಾಗೆಯೇ. ಆ ಕಡೆಯಿಂದ ಗುಂಡಿ ಒತ್ತುವ ಸದ್ದು ಒಂದೆರಡು ಸಲ ಕೇಳಿಸಿತು. ಆಮೇಲೆ ನರ್ಸಮ್ಮ, ಹಾಗಾದರೆ ನಾನು ಕಣ್ಣೆದುರಿಗಿದ್ದವರನ್ನೇ ಬಿಟ್ಟುಬಿಟ್ಟೆನಾ ಎಂದು ಕೇಳಿದರು. ಅವರ ದನಿ ಮುದುಕಿಯ ದನಿಯಾಗಿತ್ತು.

“ನೀವಲ್ಲ. ಆ ಗುಂಡಿ ಬರೆದೋಳು ನಾನು. ಗೊತ್ತಿದ್ದೂ ಬಿಟ್ಟೋರು ಬೇರೆ ಇದ್ದಾರೆ. ಎರಡನ್ನೂ ಡಾಕ್ಟರಿಗೆ ಬರೀತಾ ಇದೀನಿ,” ಎಂದು ಅವಳು ಕೋಣೆಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. ಗಾಜಿನಾಚೆ ಮೇಷ್ಟ್ರು ಎದ್ದು ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಒಂದನೇ ಪುಟ ತೆರೆದಿದ್ದೇನೆ, ನಾಳೆ ಬೆಳಿಗ್ಗೆಯಿಂದಲೇ ಇವರನ್ನು ಕರೆಯುತ್ತೇನೆ ಎಂದರು ನರ್ಸಮ್ಮ. ಮೇಲಿನ ಹೆಸರು ಓದಿದರು. ಅಯ್ಯೋ ಪಾಪ, ಯಾರೋ ಏನೋ, ಎಲ್ಲರಿಗಿಂತ ಮೊದಲು ಕೂತಿದ್ದಾರಲ್ಲ ಎಂದರು. ನನ್ನ ದೊಡ್ಡಮ್ಮ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ನೀಲಿ ಗುಂಡಿಯನ್ನು ಅಳಿಸಿದಳು. ಅದನ್ನು ಬರೆಯಲು ಒಂದು ವಾರ ಹಿಡಿದಿತ್ತು. ಅಳಿಸಿದ್ದು ಗೊತ್ತಾಗಲೇ ಇಲ್ಲ.

ಮನೆಗೆ ಬಂದಾಗ ಕಿಟಕಿಯಲ್ಲಿ ಬೆಳಕು ತೆಳ್ಳಗಾಗುತ್ತಿತ್ತು. ದೊಡ್ಡಮ್ಮ ಕುರ್ಚಿಯಲ್ಲಿದ್ದಳು, ತೊಡೆಯ ಮೇಲೆ ಪುಸ್ತಕ, ಬಲಗಣ್ಣಿನ ಮೇಲೆ ಒದ್ದೆ ಬಟ್ಟೆ. ಅವಳು ಎಂದಿನ ಹಾಗೆ ನೆಲದ ಮೇಲೆ ಕೂತು, ಮಂಡಿಯ ಸುತ್ತ ಕೈಕಟ್ಟಿ, ಬೆಳಗಿನಿಂದ ಆದದ್ದನ್ನು ಹೇಳಿದಳು. ಏನನ್ನೂ ಬಿಡಬಾರದೆಂದು ಹೇಳಿದಳು: ಬೆಂಚುಗಳು, ಗುಂಡಿ, ಮೇಷ್ಟ್ರು, ಅವರ ತಾಯಿ, ಒಂದನೇ ಪುಟ. ಪಾಳಿ ಬದಲಾಗಿತ್ತು, ಕೇಳುವವಳು ಈಗ ದೊಡ್ಡಮ್ಮ, ಮತ್ತು ಅವಳ ಕೇಳುವಿಕೆಯಲ್ಲಿ ಎಂಥ ಆಳವಿತ್ತೆಂದರೆ ಹೇಳುತ್ತಿದ್ದವಳಿಗೆ ತನ್ನ ಮಾತುಗಳೇ ಮೊದಲ ಸಲ ಕೇಳಿಸಿದ ಹಾಗಾಯಿತು. ಮೇಷ್ಟ್ರಿಗೆ ಶಾಪ ಹಾಕುತ್ತಾಳೆಂದು ಕಾದಳು. ಹಾಕಿದ್ದರೆ ಇಬ್ಬರೂ ಒಂದೇ ಕಡೆ ನಿಲ್ಲಬಹುದಿತ್ತು.

“ಹುಡುಕಿದಾಗೆಲ್ಲ ಸಿಗ್ತಿದ್ದೆ ಅಲ್ವಾ ನಾನು?” ಎಂದು ದೊಡ್ಡಮ್ಮ ಕೊನೆಗೆ ಕೇಳಿದಳು.

“ಸಿಗ್ತಿದ್ದೆ.”

“ಅಷ್ಟು ಸಾಕು ಅನ್ನಿಸ್ತು ನಿನಗೆ.”

ಅದು ಪ್ರಶ್ನೆಯಾಗಿರಲಿಲ್ಲ. ದೊಡ್ಡಮ್ಮ ಬಟ್ಟೆಯನ್ನು ತಿರುವಿ ತಂಪು ಬದಿಯನ್ನು ಕಣ್ಣಿಗಿಟ್ಟುಕೊಂಡಳು. ಆ ಸಿಹಿ ತಂದಿದ್ದೆಯಲ್ಲ, ಚೆನ್ನಾಗಿತ್ತು, ಅಂದಳು. ಆಮೇಲೆ, ನಾನಿದ್ದೀನಾ ನೋಡು ಅಂದಾಗ ನೀನು ನೋಡುತ್ತಿದ್ದೀಯ ಅಂದುಕೊಂಡಿದ್ದೆ, ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಬೆಳಿಗ್ಗೆ ಹೋಗೋಣ ದೊಡ್ಡಮ್ಮ, ಎಡಗಣ್ಣು ಉಳಿಯುತ್ತೆ, ಎಂದರೆ, ಬರುತ್ತೇನೆ, ಎಂದಳು. ಪಕ್ಕದ ಮನೆಯವಳನ್ನು ಜೊತೆಗೆ ಕರೆದಿದ್ದೇನೆ, ನೀನು ಕೆಲಸ ಬಿಟ್ಟು ಬರಬೇಡ, ಎಂದಳು. ಯಾವಾಗ ಕರೆದೆ ಎಂದು ಅವಳು ಕೇಳಲಿಲ್ಲ. ಇದನ್ನೆಲ್ಲ ಈಗಷ್ಟೇ ಕೇಳಿದವಳು ಕರೆದಿರುವುದು ಸಾಧ್ಯವೇ ಇರಲಿಲ್ಲ.

ಕೋಣೆಯಲ್ಲಿ ಕತ್ತಲಾಗುತ್ತಿತ್ತು. ಅವಳು ಎದ್ದು ದೀಪದ ಸ್ವಿಚ್ಚು ಹಾಕಿದಳು. ದೊಡ್ಡಮ್ಮನ ಮುಖ ಬೆಳಕಿನ ಕಡೆ ತಿರುಗಲಿಲ್ಲ. ಇದು ಹೇಳುವ ಹೊತ್ತು, ಆದರೆ ದೊಡ್ಡಮ್ಮ ಈ ಸಂಜೆ ಗಾಳಿಗೆ ಪ್ರಶ್ನೆ ಕೇಳಲಿಲ್ಲ. ಜ್ವರ ಬಂದ ದಿನವೂ, ಮನೆಯಲ್ಲಿ ಸಾವಾದ ದಿನವೂ ತಪ್ಪದೆ ಕೇಳಿದ ಪ್ರಶ್ನೆ. ಅವಳು ಹತ್ತಿರ ಹೋಗಿ, ತೊಡೆಯ ಮೇಲಿನ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಎಷ್ಟು ಭಾರ, ಇಷ್ಟು ವರ್ಷ ಕೇಳಿದ್ದರೂ ಒಂದು ದಿನವೂ ಇದನ್ನು ತಾನು ಎತ್ತಿರಲಿಲ್ಲ. ಬಿಚ್ಚಿದಳು. ಕೆಂಪು ದಾರದ ಹಾಳೆ ತೆರೆಯಿತು, ಅದು ಎಂದೋ ಹಳೆಯ ಜಾಗ. ನಿನ್ನೆ ಸಂಜೆ ಇದೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದ ಕೊನೆಯ ಸಾಲು ಯಾವುದು? ದೊಡ್ಡಮ್ಮನ ದನಿಯ ಏರಿಳಿತ ನೆನಪಾಯಿತು, ನಿಲ್ಲಿಸುವಾಗ ಎಳೆದ ಉಸಿರು ನೆನಪಾಯಿತು, ಹೊರಗೆ ಯಾರೋ ಗಾಡಿ ನಿಲ್ಲಿಸಿದ ಸದ್ದೂ ನೆನಪಾಯಿತು. ಒಂದು ಪದ ಬರಲಿಲ್ಲ. ಹಾಳೆ ಮಗುಚಿದಳು, ಮತ್ತೆ ಮಗುಚಿದಳು. ಎಲ್ಲ ಪುಟಗಳೂ ಒಂದೇ ಹಾಗೆ ಇದ್ದವು.

“ನಾನು ಓದ್ತೀನಿ, ದೊಡ್ಡಮ್ಮ,” ಅಂದಳು. “ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಒಂದೇ ಒಂದು ಸಾಲು ಹೇಳು, ಅಲ್ಲಿಂದ ಓದ್ತೀನಿ.”

ದೊಡ್ಡಮ್ಮನ ತುಟಿಗಳು ಅಲ್ಲಾಡಿದವು. ಸಾಲು ಅಲ್ಲೇ ಇತ್ತು. ಅದು ನಾಲಿಗೆಯ ಮೇಲೆ ಬಂದು ನಿಂತದ್ದು ಅವಳಿಗೆ ಕಂಡಿತು. ಆಮೇಲೆ ದೊಡ್ಡಮ್ಮ ತುಟಿ ಮುಚ್ಚಿದಳು. ಕೈಚಾಚಿ, ತಡವರಿಸದೆ, ಪುಸ್ತಕವನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

“ಹೇಳೋದಿಲ್ಲ.”